ಕೇಳಲು ಸಂಕೋಚವೇಕೆ?

ಇಟಲಿಯ ಬೊಲೊನ್ಯಾ ನಗರದಲ್ಲಿ ನೆಲೆಸಿರುವ ಮಿತ್ರರು ಒಂದು ಸಂಜೆ ನಮ್ಮನ್ನೂ ನಮ್ಮ ಮನೆಯವರನ್ನೂ ತಮ್ಮ ಓಣಿಯ ತ್ರತ್ತೋರಿಯಾಕ್ಕೆ ಊಟಕ್ಕೆ ಕರೆದೊಯ್ದರು. ತ್ರತ್ತೋರಿಯಾ ಎಂದರೆ ಹೆಚ್ಚಾಗಿ ಒಂದು ಕುಟುಂಬವೇ ನಡೆಸುವ ಚಿಕ್ಕ ಊಟದ ಮನೆ. ಅಲ್ಲಿ ಅಡುಗೆ ತಾಯಿಯದು, ಬಡಿಸುವವನು ಮಗ.

ಮಿತ್ರರು ಆ ಊರಿನ ಹೆಮ್ಮೆಯ ತಾಲ್ಯತೆಲ್ಲೆ ತರಿಸಲು ಹೊರಟರು. ಅದರ ಹಿಟ್ಟನ್ನು ಮೊಟ್ಟೆ ಹಾಕಿ ನಾದುತ್ತಾರೆ. ಮೇಲೆ ತುರಿದು ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸು ಕನಿಷ್ಠ 12 ತಿಂಗಳು ಮಾಗಿದ್ದು. ಅದೂ ಬರಿಯ ಹಾಲಿನದಲ್ಲ. ಹಾಲನ್ನು ಗಟ್ಟಿಯಾಗಿಸಲು ಎಳೆಗರುವಿನ ಜಠರದಿಂದ ತೆಗೆದ ರೆನೆಟ್ಟನ್ನೇ ಬಳಸಬೇಕೆಂಬುದು ಅದರ ತಯಾರಿಕೆಯ ನಿಯಮ. ಇದನ್ನು ಬಲ್ಲೆವಾದರೂ, ಮಿತ್ರರ ಆದರಕ್ಕೆ ಕುಂದು ಬಂದೀತೆಂದು ನಾವು ಸುಮ್ಮನಿದ್ದೆವು. ಮನೆಯವರು ಸುಮ್ಮನಿರಲಿಲ್ಲ, ಇದ್ದುದನ್ನು ಇದ್ದಂತೆ ಹೇಳಿದರು.

ಆ ತಾಯಿ ಮುಖ ಗಂಟಿಕ್ಕಲಿಲ್ಲ. ಗೋಧಿರವೆ ಹಾಗೂ ನೀರಿನಿಂದಷ್ಟೇ ಮಾಡಿದ ಒಣ ಸ್ಪಗೆಟ್ಟಿಯನ್ನು ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳೊಡನೆ ಕಲಸಿ ತಂದಿಟ್ಟರು. ಇದೂ ಆ ನಾಡಿನ ಮನೆಮನೆಯ ಅಡುಗೆಯೇ. ಚೀಸಿನ ಬಟ್ಟಲು ತಾನಾಗಿ ಒಳಗೆ ಹೋಯಿತು. ಮಿತ್ರರು ತಮಗೂ ಅದನ್ನೇ ತರಿಸಿಕೊಂಡರು. ಪಂಕ್ತಿಯಲ್ಲಿ ಭೇದವೇ ಉಳಿಯಲಿಲ್ಲ.

ಮನಸ್ಸೊಪ್ಪದೆ ನುಂಗಿದ ತುತ್ತು ಉಂಡವರಿಗೂ ಹಿತವಲ್ಲ, ಉಣಿಸಿದವರಿಗೂ ಗೌರವವಲ್ಲ. ಪರನಾಡಿಗೆ ಹೊರಟ ಮಕ್ಕಳಿಗೆ ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಕಟ್ಟಿಕೊಡುವ ನಾವು, ವಿನಯದಿಂದ ಕೇಳುವ ಧೈರ್ಯವನ್ನೂ ಕಟ್ಟಿಕೊಡೋಣ.