ಸಂಕ್ರಾಂತಿಗೆ ಹೊಳಿಗೆ ಹೋಗುವವರಲ್ಲಿ ಒಂದು ಮನವಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಂಧುಗಳೇ, ಇವುಗಳಿಂದ ಒಡೆದು ಹೊಸ ತಾಲ್ಲೂಕಾದ ಚಡಚಣ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರದವರೇ,

ಸಂಕ್ರಾಂತಿಗೆ ನೀವೆಲ್ಲ ಹೊಳಿಗೆ ಹೋಗುವವರೇ. ಎಳ್ಳು, ಅರಿಷಿಣ ಅರೆದು ಮೈಗೆ ಹಚ್ಚಿಕೊಳ್ಳುತ್ತೀರಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲೋ ಟಂಟಂನಲ್ಲೋ ಮನೆಮಂದಿಯೆಲ್ಲ ಹೊರಡುತ್ತೀರಿ. ಈ ಸಲ ಆ ಬುತ್ತಿಗಂಟಿನ ಜೊತೆ ಒಂದು ನೋಟ್‌ಬುಕ್ಕು, ಒಂದು ಪೆನ್ನು ಇಟ್ಟುಕೊಳ್ಳಿರಿ. ಊಟವಾದ ಮೇಲೆ ಮನೆಯ ಹಿರಿಯ ಹೆಣ್ಣುಮಗಳ ಹತ್ತಿರ ಕೂತು, ಹೊಳಿಯ ಬಗ್ಗೆ ಆಕೆಗೆ ಗೊತ್ತಿದ್ದದ್ದನ್ನೆಲ್ಲ ಬರೆದುಕೊಳ್ಳಿರಿ. ಮೊಬೈಲಿನಲ್ಲಿ ದನಿ ತುಂಬಿಟ್ಟುಕೊಂಡರೂ ಆದೀತು. ನಾನು ಕೇಳುತ್ತಿರುವುದು ಇಷ್ಟೇ.

ಇದನ್ನು ನಮ್ಮ ಕಡೆಯವರೇ ಒಮ್ಮೆ ಮಾಡಿ ತೋರಿಸಿದ್ದಾರೆ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಬೀಸುವ, ಕುಟ್ಟುವ ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅದರ ಬೆನ್ನಿಗೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಬಂದವು. ಅವರ ಹತ್ತಿರ ರೆಕಾರ್ಡರ್ ಇರಲಿಲ್ಲ. ಕೇಳುವ ಕಿವಿ, ಬರೆಯುವ ಕೈ ಇದ್ದವು. ಇವತ್ತು ‘ಭೀಮಾತೀರ’ ಎಂದರೆ ಹೊರಗಿನವರಿಗೆ ಬಂದೂಕು, ಕೊಲೆ, ಒಂದು ಸಿನಿಮಾ ನೆನಪಾಗುತ್ತವೆ. ಟಿವಿಯವರು ಹಚ್ಚಿದ ಹಣೆಪಟ್ಟಿಯನ್ನು ನಾವೂ ಹೆಮ್ಮೆಯಿಂದಲೋ ಎಂಬಂತೆ ಗಾಡಿಯ ಹಿಂದೆ ಬರೆಸಿಕೊಂಡು ತಿರುಗುತ್ತೇವೆ. ಅದೇ ಭೀಮಾತೀರದ ಸೀಮೆಯಲ್ಲಿ ಒಬ್ಬ ಮುಸಲ್ಮಾನ, ಮೂವರು ಹಿಂದೂಗಳು ಸೇರಿ ಅವ್ವಂದಿರ ಹಾಡು ಕೂಡಿಸಿದ್ದನ್ನು ಬರೆಸುವವರು ಯಾರೂ ಇಲ್ಲ.

ಏನು ಕೇಳಬೇಕು? ದೇವರು ಹೊಳಿಗೆ ಹೋಗುವ ದಿನದಿಂದ ಸುರು ಮಾಡಿರಿ. ನಿಮ್ಮೂರ ಪಲ್ಲಕ್ಕಿ ಯಾವ ದಾರಿಯಿಂದ ಇಳಿಯುತ್ತಿತ್ತು, ಡೊಳ್ಳಿನವರು ಎಲ್ಲಿ ನಿಲ್ಲುತ್ತಿದ್ದರು, ಭಂಡಾರ ಹಾರಿಸಿಕೊಂಡು ಯಾವ ಯಾವ ಊರಿನ ದೇವರು ಬಂದು ಭೆಟ್ಟಿಯಾಗುತ್ತಿದ್ದವು? ಹೊಸ ನೀರು ಬಂದಾಗ ಹೊಳಿಗೆ ಉಡಿ ತುಂಬುವವರು ಉಡಿಯಲ್ಲಿ ಏನೇನು ಇಡುತ್ತಿದ್ದರು? ಹರಗೋಲು ಎಲ್ಲಿಂದ ಎಲ್ಲಿಗೆ ಹಾಯುತ್ತಿತ್ತು, ಅಂಬಿಗರಿಗೆ ಸುಗ್ಗಿಯಲ್ಲಿ ಎಷ್ಟು ಜೋಳ ಕೊಡುತ್ತಿದ್ದರು? ಯಾವ ಮಡುವಿಗೆ ಏನು ಹೆಸರು? ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿ ಹೊರಟವರು ಯಾವ ಊರ ಬಳಿ ಭೀಮೆ ದಾಟುತ್ತಿದ್ದರು? ಪಂಢರಪುರದಲ್ಲಿ ಚಂದ್ರಭಾಗೆ ಎಂದು ಕೈಮುಗಿಸಿಕೊಳ್ಳುವುದೂ ಇದೇ ನೀರು. ಭೀಮಾಶಂಕರದಲ್ಲಿ ಹುಟ್ಟಿ, ವಿಠೋಬನ ಮುಂದೆ ಹಾದು, ನಮ್ಮ ಧೂಳಖೇಡದ ಕಡೆಗೆ ಬರುತ್ತದೆ. ಒಂದು ಪ್ರಶ್ನೆಗೆ ಆಯಿ ಹತ್ತು ಮಾತು ಹೇಳುತ್ತಾಳೆ. ನಡುವೆ ಬಾಯಿ ಹಾಕಬೇಡಿರಿ.

ಕೃಷ್ಣೆಯ ದಂಡೆಯವರಿಗೆ ನನ್ನ ಮಾತು ಇನ್ನಷ್ಟು ಅವಸರದ್ದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಹಿನ್ನೀರು ಏರಿದಂತೆ ಊರು ಊರೇ ಎದ್ದು ಹೋದವು. ಕೊಲ್ಹಾರ ಹೊಸ ಜಾಗಕ್ಕೆ ಬಂತು, ಅದರ ಗಡಿಗೆ ಮೊಸರೂ ಜೊತೆಗೆ ಬಂತು. ಹಳೆಯ ಹೊಳಿದಂಡೆ ಮಾತ್ರ ಬರಲಿಲ್ಲ. ಆ ದಂಡೆಯ ಮೇಲೆ ಅರಿವೆ ಒಗೆದವರು, ಈಸು ಕಲಿತವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಹೊಲಗಳಿಗೆ ನೀರು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಮುಳುಗುವ ಮನೆಗೆ, ಹೊಲಕ್ಕೆ ಸರಕಾರ ದರ ಕಟ್ಟುತ್ತದೆ. ಮಡುವಿನ ಹೆಸರಿಗೆ, ಪಲ್ಲಕ್ಕಿಯ ದಾರಿಗೆ ಯಾವ ಪಂಚನಾಮೆಯಲ್ಲೂ ಕಾಲಂ ಇರುವುದಿಲ್ಲ. ಅದನ್ನು ಬರೆಯಬೇಕಾದವರು ನಾವೇ.

ಕೆಳಗಿನ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿದಾಗ ಕೂಡಲಸಂಗಮದ ಬಸವಣ್ಣನ ಐಕ್ಯಮಂಟಪವನ್ನು ಸುತ್ತ ಗೋಡೆ ಕಟ್ಟಿ ಉಳಿಸಿಕೊಂಡೆವು. ಎದುರು ದಂಡೆಯ ತಂಗಡಗಿ ನಮ್ಮ ಮುದ್ದೇಬಿಹಾಳದ್ದು. ಬಸವಣ್ಣ ಸಂಗಮಕ್ಕೆ ಬಾ ಎಂದು ಕರೆಕಳಿಸಿದಾಗ ಮಡದಿ ನೀಲಮ್ಮ ಹೊಳಿ ದಾಟದೆ, ಸಂಗಯ್ಯ ಈ ದಂಡೆಯಲ್ಲೂ ಇದ್ದಾನೆ ಎಂದು ಅಲ್ಲೇ ಐಕ್ಯಳಾದಳು ಎನ್ನುತ್ತಾರೆ ಜನ. ಸಂಗಮ ನೋಡಿದವರು ತಂಗಡಗಿಗೂ ಹೋಗಿಬನ್ನಿರಿ. ನೀರು ಕಂಡಲ್ಲೆಲ್ಲ ಮುಳುಗು ಹಾಕುವವರನ್ನು ವಚನದಲ್ಲಿ ತರಾಟೆಗೆ ತೆಗೆದುಕೊಂಡ ಬಾಗೇವಾಡಿಯ ಬಸವಣ್ಣನ ಕೊನೆಯೂ ಎರಡು ಹೊಳಿ ಕೂಡುವಲ್ಲೇ ಆಯಿತು. ನಾವೋ, ಆತನ ಹೆಸರು ಹೇಳಿಕೊಂಡೇ ಅಲ್ಲಿ ಮುಳುಗು ಹಾಕುತ್ತೇವೆ! ಅದನ್ನು ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮುಳುಗಿ ಎದ್ದ ಮೇಲೆ ದಂಡೆಯಲ್ಲಿ ಏನು ಬಿಟ್ಟುಬರುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಅಮಾವಾಸ್ಯೆಯ ಮರುದಿನ ಯಾವುದೇ ದಂಡೆಗೆ ಹೋಗಿ ನೋಡಿರಿ. ಮಿಂದವರು ಬಿಟ್ಟ ಹಳೇ ಸೀರೆ, ಬನಿಯನ್ನು ಕೆಸರಿನಲ್ಲಿ ಹೂತಿರುತ್ತವೆ. ಶಾಂಪೂ ಚೀಟಿ, ಅಗರಬತ್ತಿಯ ಪ್ಲಾಸ್ಟಿಕ್ ಕವರು, ಗಾಜು ಒಡೆದ ಲಕ್ಷ್ಮಿಯ ಫೋಟೋ, ಜಾಲಿಕಂಟಿಗೆ ಸಿಕ್ಕಿ ಹರಿದ ನೈಲಾನ್ ಕುಪ್ಪಸ. ಉಡಿ ತುಂಬಿದ್ದೇವೆ ಎಂದುಕೊಂಡು ಕಸ ತುಂಬಿದ್ದೇವೆ. ಉಡಿಗೆ ಅಕ್ಕಿ, ಅರಿಷಿಣ, ಹೂವು ಸಾಕು. ಕುಪ್ಪಸ, ಬಳೆ ಕೊಡುವ ಮನಸ್ಸಿದ್ದರೆ ದಂಡೆಯ ಮೇಲಿನ ಯಾರಾದರೂ ಬಡ ಮುತ್ತೈದೆಗೆ ಕೊಡಿರಿ. ಭೀಮೆಯ ಕಡೆಯ ಟ್ರ್ಯಾಕ್ಟರ್ ಮಾಲಕರೇ, ಉಸುಕು ತೆಗೆದ ಗುಂಡಿಗಳು ಹೊಸ ನೀರು ಬಂದಾಗ ಕಾಣುವುದಿಲ್ಲ. ಅಲ್ಲಿ ಇಳಿಯುವವು ನಮ್ಮ ನಿಮ್ಮ ಮಕ್ಕಳೇ.

ಡೋಣಿಯನ್ನು ಮರೆಯಬೇಡಿರಿ. ಜತ್ತದ ಕಡೆಯಿಂದ ಬಂದು, ಬಾಗೇವಾಡಿ ಸೀಮೆ ಹಾಯ್ದು, ತಾಳಿಕೋಟಿಯ ಮಗ್ಗಲಲ್ಲಿ ಹರಿದು ಕೃಷ್ಣೆಗೆ ಸೇರುವ ಹೊಳಿ. ನೀರು ಸವಳು. ಅದಕ್ಕೇ ಇರಬೇಕು, ಅದನ್ನು ಪವಿತ್ರ ನದಿ ಎನ್ನುವವರು ಕಡಿಮೆ. ಆಲಮಟ್ಟಿ ತುಂಬಿದಾಗ ಮುಖ್ಯಮಂತ್ರಿಗಳೇ ಬಂದು ಕೃಷ್ಣೆಗೆ ಬಾಗಿನ ಬಿಡುತ್ತಾರೆ. ಡೋಣಿಗೆ ಬಾಗಿನ ಬಿಟ್ಟ ಸುದ್ದಿಯನ್ನು ನಾನಂತೂ ಓದಿಲ್ಲ. ಹೂಳು ತುಂಬಿ, ಜಾಲಿ ಬೆಳೆದು, ದೊಡ್ಡ ಮಳೆಯಾದಾಗ ಅದು ಹೊಲಕ್ಕೆ ನುಗ್ಗಿದರೆ ಮಾತ್ರ ಸುದ್ದಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುತ್ತಿದ್ದವರು ನಮ್ಮ ಹಿರಿಯರು. ಅದರ ಎರೆಯಲ್ಲಿ ಬೆಳೆದ ಬಿಳಿಜೋಳದ ರೊಟ್ಟಿ ತಿಂದು ಬೆಳೆದವರು ಒಂದು ಪುಟವನ್ನಾದರೂ ಅದಕ್ಕೆ ಬರೆಯಬೇಡವೇ? ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಆ ದಂಡೆಯ ರೈತರನ್ನು ಮಾತಾಡಿಸಿರಿ.

ನಮ್ಮ ಜಿಲ್ಲೆಯ ಸಿದ್ಧೇಶ್ವರ ಸ್ವಾಮಿಗಳು ತಮಗೆ ಗುಡಿ, ಸ್ಮಾರಕ ಏನೂ ಬೇಡ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಿ ಎಂದು ಬರೆದಿಟ್ಟು ಹೋದರು. 2023ರ ಜನವರಿಯಲ್ಲಿ ಅದರಂತೆಯೇ ಆಯಿತು. ಆ ದಿನಗಳಲ್ಲಿ ಕಣ್ಣೀರಿಟ್ಟವರು ನಾವೆಲ್ಲ. ಅವರು ಸೇರಿದ ನೀರಿಗೆ ಇಷ್ಟು ಕೆಲಸ ನಮಗೆ ಹೊರೆಯಾಗಲಾರದು.

ಬರೆದದ್ದನ್ನು ಮನೆಯ ಟ್ರಂಕಿನಲ್ಲಿ ಮುಚ್ಚಿಡಬೇಡಿರಿ. ಝೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ನಿಮ್ಮ ಗ್ರಾಮ ಪಂಚಾಯತಿಯ ಅರಿವು ಕೇಂದ್ರಕ್ಕೆ, ಇನ್ನೊಂದನ್ನು ಊರ ಶಾಲೆಗೆ ಕೊಡಿರಿ. ಮಾಸ್ತರರೇ, ಅಕ್ಕೋರೇ, ರಜೆಯಲ್ಲಿ ಮಕ್ಕಳಿಗೆ ಕೊಡುವ ಕೆಲಸ ಇದೇ ಇರಲಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮೂರ ಹೆಣ್ಣುಮಕ್ಕಳೇ, ಸಂಶೋಧನೆಗೆ ವಿಷಯ ಹುಡುಕಿ ದೂರ ಹೋಗಬೇಡಿರಿ. ನಿಮ್ಮ ಆಯಿಯನ್ನು ಕೇಳಿರಿ. ಹೇಳಿದವರ ಹೆಸರು, ಊರು, ವಯಸ್ಸು ಮೊದಲ ಪುಟದಲ್ಲಿ ಇರಲಿ, ಬರೆದುಕೊಂಡವರ ಹೆಸರು ಅದರ ಕೆಳಗೆ.