ಬೆಕ್ಕಿನ ಕಿವಿಗೂ ಡಾಕ್ಟರೇ?

ಕಳೆದ ಆಷಾಢದ ಒಂದು ಬೆಳಿಗ್ಗೆ ನಮ್ಮ ಮನೆಯ ಬೆಕ್ಕನ್ನು ಬೆತ್ತದ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಬುಟ್ಟಿ ಕವುಚಿ, ಎರಡನ್ನೂ ಹಗ್ಗದಿಂದ ಬಿಗಿದು, ಬಸ್ಸಿನಲ್ಲಿ ಪೇಟೆಯ ಪಶು ಆಸ್ಪತ್ರೆಗೆ ಹೊರಟೆ. ಕೆಂಚನಿಗೆ (ಕೆಂಪು ಬಣ್ಣದ ಗಂಡುಬೆಕ್ಕಿಗೆ ಬೇರೆ ಹೆಸರು ಹುಡುಕುವ ಕಷ್ಟ ನಾವು ತೆಗೆದುಕೊಂಡಿಲ್ಲ) ಆಗಿದ್ದಾದರೂ ಏನು? ಎರಡು ದಿನದಿಂದ ತಲೆ ಕೊಡವುತ್ತಿತ್ತು, ಹಿಂಗಾಲಿನಿಂದ ಎಡಗಿವಿ ಕೆರೆದುಕೊಳ್ಳುತ್ತಿತ್ತು. ಅಷ್ಟೇ. ಊಟ, ನಿದ್ದೆ, ಕಳ್ಳತನ ಯಾವುದಕ್ಕೂ ಕುಂದಿರಲಿಲ್ಲ.

ಬಸ್ಸು ಕಾಯುವಲ್ಲಿಯೇ ವಿಚಾರಣೆ ಶುರುವಾಯಿತು.

"ಏನ್ ಮೇಷ್ಟ್ರೇ, ಬುಟ್ಟೀಲಿ ಕೋಳಿಯಾ?"

"ಅಲ್ಲ, ಬೆಕ್ಕು."

"ಎಲ್ಲಾದ್ರೂ ಬಿಟ್ಟು ಬರೋಕಾ?"

"ಡಾಕ್ಟ್ರಿಗೆ ತೋರಿಸೋಕೆ. ಕಿವಿ ಕೆರ್ಕೊಳ್ತಿದೆ."

ಅಲ್ಲಿದ್ದ ನಾಲ್ಕೈದು ಜನ ಬಾಯಿ ತುಂಬ ನಕ್ಕರು. ನಗಲಿ, ನನ್ನ ತಕರಾರು ನಗುವಿನ ಬಗ್ಗೆಯಲ್ಲ. ಅದು ಬಂದ ಹೊತ್ತಿನ ಬಗ್ಗೆ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ಮರಳಿ ದಾರಿ ಸಿಗದಂತೆ ಹೊಳೆಯಾಚೆ ಬಿಟ್ಟು ಬರುವುದು ನಮ್ಮ ಕಡೆ ಹೊಸತಲ್ಲ. ಹಾಗೆ ಹೊರಟವನನ್ನು ಕಂಡು ಯಾರೂ ನಗುವುದಿಲ್ಲ. "ಎಲ್ಲಿ ಬಿಡ್ತೀರಿ? ದೂರ ಬಿಡಿ, ಇಲ್ಲಾಂದ್ರೆ ವಾಪಸ್ ಬರ್ತದೆ" ಎಂದು ಸಲಹೆಯನ್ನೂ ಕೊಡುತ್ತಾರೆ. ಬಿಡಲು ಹೊರಟರೆ ಸಂಸಾರಸ್ಥ, ಮದ್ದು ಮಾಡಿಸಲು ಹೊರಟರೆ ತಲೆಕೆಟ್ಟವ. ಈ ಲೆಕ್ಕ ಯಾವ ಶಾನುಭೋಗರ ಕಡತದ್ದೋ ನನಗೆ ತಿಳಿಯದು.

ಅವರ ಮೊದಲ ವಾದ, ಇಷ್ಟು ಸಣ್ಣ ವಿಷಯಕ್ಕೆ ಆಸ್ಪತ್ರೆಯೇ ಎಂಬುದು. ಹೇಳಿದವರು ನಾಲ್ಕೆಕರೆ ಅಡಿಕೆ ತೋಟದ ಯಜಮಾನರು. ಸ್ವಾಮಿ, ತಾವು ಮಳೆಗಾಲದ ಮೋಡ ಕಾಣುತ್ತಲೇ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬೋರ್ಡೋ ದ್ರಾವಣ ಕದಡಿ ಮರದ ತುದಿಗೆ ಹೊಡೆಸುತ್ತೀರಿ. ಆಗ ಒಂದಾದರೂ ಕೊನೆಗೆ ಕೊಳೆರೋಗ ಬಂದಿರುತ್ತದೆಯೇ? ಬರಬಾರದೆಂದೇ ತಾನೇ ಹೊಡೆಸುವುದು! ಕಾಯಿ ಉದುರಿದ ಮೇಲೆ ಕೊನೆಗಾರನನ್ನು ಕರೆದರೆ ಊರು ಅವನನ್ನು ದಡ್ಡನೆನ್ನುತ್ತದೆ. ಅಡಿಕೆಗೆ ಇರುವ ಈ ವಿವೇಕ ಬೆಕ್ಕಿನ ಹತ್ತಿರ ಬರುವಾಗ ಹುಚ್ಚು ಹೇಗಾಯಿತು?

ಬೆಕ್ಕಿನ ವಿಷಯದಲ್ಲಂತೂ ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ಜಗಲಿಯಲ್ಲಿ ಕೂತು ತೀರ್ಮಾನಿಸಲು ಬರುವುದಿಲ್ಲ. ಅದು ನೋವನ್ನು ಮುಚ್ಚಿಡುವ ಜಾತಿ. ನಾಯಿಯ ಹಾಗೆ ಕುಂಯ್‌ಗುಟ್ಟಿ ನಿಮ್ಮ ಕಾಲಬುಡಕ್ಕೆ ಬರುವುದು ಕಡಿಮೆ; ಅಟ್ಟದ ಮೂಲೆಗೋ ಸೌದೆ ಕೊಟ್ಟಿಗೆಗೋ ಹೋಗಿ ಸುಮ್ಮನೆ ಮಲಗುತ್ತದೆ. ಗಂಡುಬೆಕ್ಕು ಮತ್ತೆಮತ್ತೆ ಬೂದಿಗುಡ್ಡೆಗೆ ಹೋಗಿ ಕೂತು, ತಿಣುಕಿ, ಏನೂ ಮಾಡದೆ ಎದ್ದು ಬಂದರೆ ನಾವು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಹುಡುಕುತ್ತೇವೆ. ಎಷ್ಟೋ ಸಲ ಅದು ಮೂತ್ರ ಕಟ್ಟಿರುವುದು. ಪೂರ್ತಿ ಕಟ್ಟಿಕೊಂಡರೆ ಎರಡು ಮೂರು ದಿನದಲ್ಲಿ ಪ್ರಾಣ ಹೋಗುತ್ತದೆ. ಬೆಕ್ಕಿಗೆ ಒಂಬತ್ತು ಜೀವ ಎಂಬ ಮಾತು ಕೈಕಟ್ಟಿ ಕೂರುವವರಿಗೆ ಬಹಳ ಅನುಕೂಲದ್ದು.

ಎರಡನೆಯ ವಾದ ಎಲ್ಲರಿಗೂ ಗೊತ್ತಿರುವಂಥದ್ದು. ಮನುಷ್ಯರಿಗೇ ಗತಿಯಿಲ್ಲ, ಇನ್ನು ಬೆಕ್ಕಿಗೆ! ಇದಕ್ಕೆ ನನ್ನ ಉತ್ತರ ಪ್ರಾಮಾಣಿಕವಾದದ್ದು. ಆ ದಿನ ನನ್ನ ಬಸ್‌ಚಾರ್ಜು, ಔಷಧಿಯ ದುಡ್ಡು ಉಳಿದಿದ್ದರೆ ಅದು ಯಾವ ಬಡವನ ಮನೆಗೂ ಹೋಗುತ್ತಿರಲಿಲ್ಲ. ಪೇಟೆಯ ಹೋಟೆಲಿನಲ್ಲಿ ಮಸಾಲೆದೋಸೆಯಾಗಿ ನನ್ನ ಹೊಟ್ಟೆಗೇ ಹೋಗುತ್ತಿತ್ತು. ಆಗ ಯಾರೂ ಮನುಷ್ಯರ ಗತಿ ಕೇಳುತ್ತಿರಲಿಲ್ಲ.

ಇನ್ನು ಉಪಯೋಗದ ಮಾತು. ಹಸು ಹಾಲು ಕೊಡುತ್ತದೆ, ಎತ್ತು ಉಳುತ್ತದೆ, ಬೆಕ್ಕು ಏನು ಕೊಡುತ್ತದೆ? ಪಣತದ ಭತ್ತ, ಅಟ್ಟದ ಅಡಿಕೆ ಇಲಿಯ ಪಾಲಾಗದೆ ಉಳಿದದ್ದು ಯಾರ ದುಡಿಮೆಯಿಂದ ಎಂದು ಕೇಳಬಹುದು. ಪ್ರಾಣಿಗಳ ಮೈಮೇಲಿನ ಸಣ್ಣ ಲಕ್ಷಣವನ್ನು ಗಮನಿಸುವುದು ನಮ್ಮದೇ ಮೈಗೆ ಒಳ್ಳೆಯದು ಎಂದೂ ಹೇಳಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದನ್ನು ಗಮನಿಸಿದ್ದರಿಂದಲೇ ಅಲ್ಲವೇ ಉಣುಗು ಹರಡುವ ಆ ಜ್ವರಕ್ಕೆ ಮಂಗನ ಕಾಯಿಲೆ ಎಂಬ ಹೆಸರು ಬಂದದ್ದು? ಆದರೆ ಈ ದಾರಿಯಲ್ಲಿ ವಾದಿಸಲು ನನಗೆ ಮನಸ್ಸಿಲ್ಲ. ಕೆಂಚ ಇಲಿ ಹಿಡಿದು ಮೂರು ವರ್ಷವಾಯಿತು. ಇಲಿ ಎದುರು ಹಾದುಹೋದರೆ ದಾರಿ ಬಿಡುವ ಸಭ್ಯಸ್ಥ ಅದು. ಉಪಯೋಗದ ತಕ್ಕಡಿಯಲ್ಲಿ ಅದನ್ನು ಇಟ್ಟರೆ ನಾನು ಸೋತೆ. ಅಂಥ ತಕ್ಕಡಿಯಲ್ಲಿ ನಿವೃತ್ತ ಮೇಷ್ಟ್ರೂ ಬಹಳ ತೂಗಲಾರರು.

ಗೋವಿನ ಹಾಡು ಕೇಳಿ ಕಣ್ಣೀರು ಹಾಕಿ ಬೆಳೆದ ನಾವು ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆಗೆ ನಗುತ್ತಾ ಬೆಳೆದಿದ್ದೇವೆ. ಕುದಿಯುವ ಹಾಲಿಗೆ ಬಾಯಿಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಜಾಣತನಕ್ಕೆ ಬಹುಮಾನವೂ ಸಿಕ್ಕಿತು. ಮೂವತ್ತು ವರ್ಷ ತರಗತಿಯಲ್ಲಿ ನಾನೇ ಆ ಕತೆ ಹೇಳಿ ನಗಿಸಿದ್ದೇನೆ. ಸುಟ್ಟ ನಾಲಗೆಯ ಗತಿ ಏನಾಯಿತೆಂದು ಒಂದೇ ಒಂದು ಸಲ ಒಬ್ಬ ಹುಡುಗಿ ಕೇಳಿದ್ದಳು. ಸುಮ್ಮನೆ ಕೂತ್ಕೋ ಎಂದಿದ್ದೆ.

ನಾನು ಇಷ್ಟು ಜೋರಾಗಿ ವಾದಿಸುವುದಕ್ಕೆ ಕಾರಣವಿದೆ. 1998ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲೊಂದು ಬೂದು ಬಣ್ಣದ ಹೆಣ್ಣುಬೆಕ್ಕಿತ್ತು. ಒಂದು ಸಂಜೆ ಮೈ ಬಿಸಿಯಿತ್ತು, ಮಂಕಾಗಿತ್ತು. ಆಸ್ಪತ್ರೆಗೆ ಒಯ್ಯೋಣವೇ ಎಂದು ಹೆಂಡತಿ ಕೇಳಿದಳು. ಈ ಮಳೆಯಲ್ಲಿ ಬೆಕ್ಕಿಗಾಗಿ ಯಾರು ಹೋಗುತ್ತಾರೆ ಎಂದು, ನನಗೆಂದು ತಂದಿಟ್ಟಿದ್ದ ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಅರ್ಧ ಮುರಿದು ಹಾಲಿನಲ್ಲಿ ಕದಡಿ ಕುಡಿಸಿದೆ. ಬೆಳಗಾಗುವಾಗ ಅದರ ಮುಖ, ಪಾದ ಊದಿಕೊಂಡಿದ್ದವು. ಒಸಡು ಕಂದು ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದೊಳಗೆ ಸತ್ತುಹೋಯಿತು. ಜ್ವರದಿಂದ ಸತ್ತಿತೆಂದೇ ಬಹಳ ಕಾಲ ನಂಬಿದ್ದೆ. ಆ ಗುಳಿಗೆಯನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ, ರಕ್ತ ಪ್ರಾಣವಾಯುವನ್ನು ಹೊರಲಾರದೆ ಹೋಗುತ್ತದೆ, ನಾವು ನೀರು ಕುಡಿದಷ್ಟು ಸಲೀಸಾಗಿ ನುಂಗುವ ಒಂದು ಗುಳಿಗೆ ಅದಕ್ಕೆ ವಿಷ ಎಂದು ವರ್ಷಗಳ ಮೇಲೆ ಒಬ್ಬ ಪಶುವೈದ್ಯರ ಬಾಯಿಂದ ತಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ನಗುವ ನಾವು, ಮನುಷ್ಯನ ಮದ್ದನ್ನು ಬೆಕ್ಕಿಗೆ ಕೊಟ್ಟು ಜಾಣರೆನಿಸಿಕೊಳ್ಳುತ್ತೇವೆ. ಹೆಂಡತಿಗೆ ಈ ವಿಷಯ ಹೇಳಿದೆ. ಅವಳು ಏನೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಹಿಂದೆ ಒಬ್ಬ ರೈತ ನಿಂತಿದ್ದ. ರಾತ್ರಿ ಕರು ಹಾಕಿದ ಹಸುವಿಗೆ ಕಸ ಬಿದ್ದಿಲ್ಲ ಎಂದು ಗಾಬರಿಯಲ್ಲಿದ್ದ. ಸರದಿ ಬಿಟ್ಟುಕೊಟ್ಟೆ. ಒಬ್ಬ ವೈದ್ಯರು ಹತ್ತಾರು ಹಳ್ಳಿ ನೋಡುವಾಗ ಯಾವುದು ಮೊದಲು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊದಲು ಹಸು, ಆಮೇಲೆ ಬೆಕ್ಕು ಎಂದರೆ ಒಪ್ಪುತ್ತೇನೆ. ಮೊದಲು ಹಸು, ಆಮೇಲೆ ನಗು ಎಂದರೆ ಒಪ್ಪುವುದಿಲ್ಲ.

ಡಾಕ್ಟರು ಕೆಂಚನ ಕಿವಿ ಮಡಚಿ ನೋಡಿದರು. ಒಳಗೆ ಕಾಫಿಪುಡಿ ಉದುರಿಸಿದಂತಿತ್ತು. "ನುಸಿ, ಮೇಷ್ಟ್ರೇ. ಬಿಟ್ಟಿದ್ರೆ ಕಿವಿಯೊಳಗೆ ಹುಣ್ಣಾಗ್ತಿತ್ತು. ಮನೇಲಿ ಬೇರೆ ಬೆಕ್ಕಿದ್ರೆ ಅದಕ್ಕೂ ಹತ್ತಿರ್ತದೆ, ನೋಡಿ" ಎಂದರು. ತೆಂಗಿಗೆ ನುಸಿಪೀಡೆ ಬಂದಾಗ ಎಷ್ಟು ಸಭೆ, ಎಷ್ಟು ಭಾಷಣ ಆಗಿತ್ತೆಂದು ನೆನಪಾಯಿತು. ಕಿವಿ ಒರೆಸಿ, ಹನಿ ಹಾಕಿ, ಒಂದು ಸಣ್ಣ ಸೀಸೆ ಬರೆದುಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ತರಲು ಹೇಳಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅದೇ ಅಡಿಕೆ ಯಜಮಾನರು ಸಿಕ್ಕಿದರು. "ಏನಂದ್ರು ಡಾಕ್ಟ್ರು?" ಎಂದು ನಗುತ್ತಲೇ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮನೇದೂ ಕೆರ್ಕೊಳ್ತದೆ ಮಾರಾಯ್ರೇ" ಎಂದರು. ಸೀಸೆಯ ಮೇಲಿನ ಹೆಸರನ್ನು ಅವರ ಚೀಟಿಯಲ್ಲಿ ಬರೆದುಕೊಡಲು ಹೇಳಿದರು. ಕೊಡಲಿಲ್ಲ. ಬೆಕ್ಕನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಬುಟ್ಟಿ ಬೇಕಾದರೆ ನನ್ನದೇ ಇದೆ ಎಂದೆ.