ದಂತಕಥೆಯ ಸಿನಿಮಾದಲ್ಲಿ ಬ್ಯಾರಿ ಎಲ್ಲಿ?

2025ರ ಅಕ್ಟೋಬರ್ 2ರಂದು ‘ಕಾಂತಾರ: ಅಧ್ಯಾಯ 1’ ಬಿಡುಗಡೆಯಾಯಿತು. ಮರುದಿನ ಬ್ಯಾರಿ ಭಾಷಾ ದಿನ. ಎರಡೂ ಒಟ್ಟಿಗೆ ಬಂದದ್ದು ಕಾಕತಾಳೀಯ. ಆದರೆ ಅದರಲ್ಲಿ ನಾವು ಯೋಚಿಸಬೇಕಾದ ಒಂದು ವಿಷಯ ಇದೆ.

ಕರಾವಳಿಗೆ ದೂರದ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಮಕ್ಕಳಿಗೂ ದೈವ, ಕೋಲ, ಗುಳಿಗ ಎಂಬ ಮಾತುಗಳನ್ನು ತಲುಪಿಸಿದ್ದು ಇಂಥ ಸಿನಿಮಾ. ನಮ್ಮ ಕಡಲನ್ನೇ ನೋಡದ ಹುಡುಗನಿಗೆ ತುಳುನಾಡು ಅಂದರೆ ಅವನು ತೆರೆಯ ಮೇಲೆ ಕಂಡದ್ದೇ. ಹಾಗಿರುವಾಗ ಆ ಚಿತ್ರದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ಸಿನಿಮಾ ಹುಚ್ಚಿನವರ ಹರಟೆ ಮಾತ್ರ ಅಲ್ಲ.

ಒಳ್ಳೆಯದನ್ನು ಮೊದಲು ಹೇಳೋಣ. 2022ರ ‘ಕಾಂತಾರ’ ಕಾಡಂಚಿನ ಬಡವರ ಭೂಮಿಯ ಪ್ರಶ್ನೆಯನ್ನು ಕಥೆಯ ನಡುವೆ ಇಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸರಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ನಲಿಕೆ, ಪಂಬದ, ಪರವ ಸಮುದಾಯದವರು ತಲೆಮಾರುಗಳಿಂದ ಕೋಲ ಕಟ್ಟುತ್ತಿದ್ದರೂ ಅವರ ಕಷ್ಟ ಕಾಣಲು ಒಂದು ಸಿನಿಮಾ ಬೇಕಾಯಿತು. ತೆರೆಯ ಮೇಲೆ ಕಂಡವರು ಸರಕಾರದ ಕಣ್ಣಿಗೂ ಬೀಳುತ್ತಾರೆ. ಕಾಣದವರ ಗತಿ?

ತುಳುನಾಡಿನ ದಂತಕಥೆಗಳಲ್ಲಿ ಬ್ಯಾರಿ ಇಲ್ಲವೇ? ಇದ್ದಾನೆ. ಮುಲ್ಕಿಯ ಬಪ್ಪನಾಡು ದೇವಸ್ಥಾನದ ಹೆಸರಿನ ಹಿಂದೆ ಬಪ್ಪ ಬ್ಯಾರಿ ಎಂಬ ವ್ಯಾಪಾರಿಯ ಕಥೆ ಇದೆ. ಮೊಗವೀರರು ನಂಬುವ ಕಡಲ ದೈವ ಬೊಬ್ಬರ್ಯನ ತಂದೆ ಮುಸ್ಲಿಂ ವರ್ತಕ ಎನ್ನುವ ಪಾಡ್ದನಗಳಿವೆ. ನಮ್ಮ ಅಖೀದಾ ಬೇರೆ, ಅದರಲ್ಲಿ ರಾಜಿಯ ಮಾತಿಲ್ಲ. ಆದರೆ ನೆರೆಯವರು ತಮ್ಮ ಕಥೆಯೊಳಗೆ ನಮ್ಮ ಹಿರಿಯರಿಗೆ ಕೊಟ್ಟ ಜಾಗ ಸಣ್ಣದಲ್ಲ. ಹಡಗು, ಬಿರುಗಾಳಿ, ಕಡಲ ವ್ಯಾಪಾರ ಎಲ್ಲವೂ ಇರುವ ಈ ಕಥೆಗಳು ಸಾಹಸ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿವೆ. ಆದರೂ ಕೋಟಿಗಟ್ಟಲೆ ಖರ್ಚಿನ ದಂತಕಥೆ ಚಿತ್ರವೊಂದರ ನಾಯಕನಾಗಿ ಬ್ಯಾರಿ ಇನ್ನೂ ಬಂದಿಲ್ಲ.

ಇದು ಕರಾವಳಿಯ ಕಥೆ ಮಾತ್ರ ಅಲ್ಲ. ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಮೊಹರಂ ಬಂದರೆ ರಿವಾಯತ್ ಪದ, ಹೆಜ್ಜೆ ಮೇಳ. ಹಸನ್-ಹುಸೈನರ ತ್ಯಾಗವನ್ನು ಅಲ್ಲಿ ಕನ್ನಡದಲ್ಲೇ ಹಾಡುತ್ತಾರೆ, ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಆ ಆಚರಣೆಯ ರೀತಿಯ ಬಗ್ಗೆ ಉಲಮಾಗಳ ಅಭಿಪ್ರಾಯ ಬೇರೆ ಇದೆ, ಅದು ಬೇರೆಯೇ ಚರ್ಚೆ. ಅಲ್ಲಿನ ರೈತನಿಗೆ ಹುಸೈನರು ಅನ್ಯಾಯಕ್ಕೆ ತಲೆಬಾಗದ ವೀರ ಎಂಬುದು ಮಾತ್ರ ಸತ್ಯ.

ತೆರೆಯ ಮೇಲೆ ಕತ್ತಿ ಹಿಡಿದ ಮುಸ್ಲಿಮನೆಂದರೆ ಯಾರು? 2018ರ ‘ಪದ್ಮಾವತ್’ನ ಖಿಲ್ಜಿ, 2025ರ ‘ಛಾವಾ’ದ ಔರಂಗಜೇಬ್. ರಾಜರ ತಪ್ಪುಗಳನ್ನು ತೋರಿಸಬಾರದು ಎಂದು ನಾವು ಹೇಳುವುದಿಲ್ಲ. ಆದರೆ ದಾಳಿಕೋರ ಮಾತ್ರ ಕಾಣಿಸಿ, ಬಪ್ಪ ಬ್ಯಾರಿ ಕಾಣಿಸದೇ ಹೋದರೆ ಮಗು ಏನು ಕಲಿಯುತ್ತದೆ? ಮುಸ್ಲಿಂ ಮಗು ತಾನು ಈ ಊರಿಗೆ ಹೊರಗಿನವನು ಎಂದುಕೊಳ್ಳುತ್ತದೆ. ಪಕ್ಕದ ಬೆಂಚಿನ ಮಗುವೂ ಅದನ್ನೇ ನಂಬುತ್ತದೆ.

ಕಥೆಯನ್ನು ಬೇರೆ ರೀತಿ ಹೇಳಲು ಸಾಧ್ಯ. ಕೇರಳದಲ್ಲಿ ಜನರನ್ನು ಹೆದರಿಸಲು ಹೇಳುತ್ತಿದ್ದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು 2025ರ ಮಲಯಾಳಂ ಚಿತ್ರ ‘ಲೋಕಃ’ ಜನರನ್ನು ಕಾಯುವ ನಾಯಕಿಯಾಗಿ ಮಾಡಿತು. ನಮ್ಮ ಭಾಷೆಯದ್ದೇ ಉದಾಹರಣೆ ಬೇಕಾದರೆ, 2011ರ ‘ಬ್ಯಾರಿ’ ಚಿತ್ರ ಮರಾಠಿಯ ‘ದೇವುಳ್’ ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ಅದು ದಂತಕಥೆಯಲ್ಲ, ಮನೆಯೊಳಗಿನ ಹೆಣ್ಣಿನ ನೋವಿನ ಕಥೆ. ಆದರೂ ನಮ್ಮ ಭಾಷೆ ದಿಲ್ಲಿಯವರೆಗೆ ಕೇಳಿಸಿತು.

ಹಾಗಾಗಿ ದೂರು ಹೇಳಿ ಸುಮ್ಮನಾದರೆ ಸಾಲದು. ಪಾಡ್ದನಗಳನ್ನು ವಿದ್ವಾಂಸರು ಹಾಡುವವರ ಬಾಯಿಂದ ಕೇಳಿ ಬರೆದಿಟ್ಟಿದ್ದಾರೆ, ಅದಕ್ಕೇ ಅವು ಇಂದು ನಿರ್ದೇಶಕರ ಕೈಗೂ ಸಿಗುತ್ತವೆ. ನಮ್ಮ ಮನೆಯ ಹಿರಿಯರು ಹೇಳುವ ಹಡಗಿನ ಕಥೆ, ಬಂದರಿನ ಕಥೆಗಳಲ್ಲಿ ಎಷ್ಟು ಕಾಗದಕ್ಕೆ ಇಳಿದಿವೆ? ಬರೆದಿಡದ ಕಥೆಯನ್ನು ಹುಡುಕಿಕೊಂಡು ಯಾವ ನಿರ್ದೇಶಕನೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಉಮ್ಮಂದಿರು, ಅಜ್ಜಂದಿರು ಹೇಳಲಿ, ಮೊಬೈಲ್ ಹಿಡಿದ ಮಕ್ಕಳು ಅದನ್ನು ರೆಕಾರ್ಡ್ ಮಾಡಿ ಬರೆದಿಡಲಿ. ನಮ್ಮ ಜಾಗವನ್ನು ಕೇಳಿ ಪಡೆಯುವ ಮೊದಲು ನಮ್ಮ ಕಥೆ ನಮ್ಮ ಕೈಯಲ್ಲಿರಬೇಕು.